ಉರಿಯುತ್ತಿರುವ ಬಲ್ಬಿನ ರೆಸಿಸ್ಟೆನ್ಸ್ ನಾನು ಕಂಡುಹಿಡಿದ ರೀತಿ

ರೆಸಿಸ್ಟೆನ್ಸ್ (ಕರೆಂಟ್ ಹರಿಯುವುದಕ್ಕೆ ಇರುವ ತಡೆ, ಅದನ್ನು ಅಳೆಯುವುದು ಓಮ್‌ನಲ್ಲಿ) ತಿಳಿಯಬೇಕಾದರೆ ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿದರಾಯಿತು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಸುಮ್ನೆ ಕೂತಿರುವ ವಸ್ತುವಿಗೆ ಅದು ಸರಿ. ಕರೆಂಟ್ ಹರಿಯುತ್ತಿರುವಾಗ ಅದೇ ವಸ್ತು ಹೇಗಿರುತ್ತದೆ ಅಂತ ಗೊತ್ತಾಗಬೇಕಾದರೆ ವೋಲ್ಟೇಜ್ ಮತ್ತು ಕರೆಂಟ್ ಎರಡನ್ನೂ ಅಳೆದು ಲೆಕ್ಕ ಹಾಕಲೇಬೇಕು. ವೋಲ್ಟೇಜನ್ನು ಕರೆಂಟ್‌ನಿಂದ ಭಾಗಿಸಿದರೆ ರೆಸಿಸ್ಟೆನ್ಸ್, ಎರಡನ್ನೂ ಗುಣಿಸಿದರೆ ಪವರ್. ಸೂತ್ರ ಇಷ್ಟೇ. ಮೀಟರಿನ ಕಡ್ಡಿಗಳನ್ನು ಎಲ್ಲಿ ಇಡುತ್ತೀರಿ ಅನ್ನುವುದರಲ್ಲೇ ನಿಜವಾದ ಕೆಲಸ ಇರುವುದು.

ನಾನು ತೆಗೆದುಕೊಂಡಿದ್ದು 12 ವೋಲ್ಟ್, 21 ವ್ಯಾಟ್‌ನ ಫಿಲಮೆಂಟ್ ಬಲ್ಬು. ಆರಿರುವಾಗ ಓಮ್‌ನಲ್ಲಿ ಅಳೆದರೆ ಒಂದು ಓಮ್ ಕೂಡ ಬರಲಿಲ್ಲ. ಒಂದು ಓಮ್ ಅಂತಲೇ ಇಟ್ಟುಕೊಳ್ಳಿ. 12 ವೋಲ್ಟ್‌ಗೆ 12 ಆಂಪಿಯರ್ ಹರಿಯಬೇಕು, ಪವರ್ 144 ವ್ಯಾಟ್ ಆಗಬೇಕು. ಬಲ್ಬಿನ ಮೇಲೆ ಬರೆದಿರುವುದು 21. ಮೀಟರೂ ಸುಳ್ಳು ಹೇಳಿಲ್ಲ, ಬಲ್ಬೂ ಕೆಟ್ಟಿಲ್ಲ. ಟಂಗ್‌ಸ್ಟನ್ ತಂತಿ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಏರುತ್ತದೆ. ಬೆಳಕು ಕೊಡುವಾಗ ಅದು ಎರಡು ಸಾವಿರ ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಹಾಗಾಗಿ ತಣ್ಣಗಿರುವಾಗ ಸಿಕ್ಕ ಸಂಖ್ಯೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಬಲ್ಬನ್ನು ಬ್ಯಾಟರಿ, ಸ್ವಿಚ್ ಮತ್ತು ಎರಡು ವೈರುಗಳ ಜೊತೆ ಜೋಡಿಸಿದೆ. ಒಂದು ಮೀಟರನ್ನು ಆಂಪಿಯರ್‌ಗೆ ಹಾಕಿ, ವೈರು ಬಿಡಿಸಿ ಮಧ್ಯದಲ್ಲಿ ಸೇರಿಸಿದೆ. ಇನ್ನೊಂದನ್ನು ಡಿ.ಸಿ. ವೋಲ್ಟ್‌ಗೆ ಹಾಕಿ ಬೇಕಾದ ಕಡೆ ಮುಟ್ಟಿಸುತ್ತಾ ಹೋದೆ. ಎರಡು ಮೀಟರ್ ಬೇಕು ಅನ್ನುವುದಕ್ಕೆ ಕಾರಣವಿದೆ. ಆಂಪಿಯರ್ ಮೀಟರಿನ ಒಳಗೂ ಸ್ವಲ್ಪ ರೆಸಿಸ್ಟೆನ್ಸ್ ಇರುತ್ತದೆ, ಅದು ಒಂದಿಷ್ಟು ವೋಲ್ಟೇಜ್ ತಿನ್ನುತ್ತದೆ. ಆ ಮೀಟರನ್ನು ತೆಗೆದ ಮೇಲೆ ವೋಲ್ಟೇಜ್ ಅಳೆದರೆ ನೀವು ಅಳೆಯುತ್ತಿರುವುದು ಬೇರೆಯೇ ಸರ್ಕ್ಯೂಟ್. ಎರಡೂ ಓದುಗಳು ಒಂದೇ ಹೊತ್ತಿನವು ಆಗಿರಬೇಕು. ಇನ್ನೊಂದು ಎಚ್ಚರ: ಕರೆಂಟ್ ಅಳೆದಾದ ಮೇಲೆ ಕೆಂಪು ವೈರನ್ನು ಆಂಪಿಯರ್ ತೂತಿನಿಂದ ತೆಗೆದು ವೋಲ್ಟ್ ತೂತಿಗೆ ಹಾಕಿಬಿಡಿ. ಅದು ಅಲ್ಲೇ ಇದ್ದಾಗ ಬ್ಯಾಟರಿಯ ಎರಡು ತುದಿಗೆ ಮುಟ್ಟಿಸಿದರೆ ಅದು ನೇರ ಶಾರ್ಟ್.

ಬಲ್ಬು ಉರಿಯುವಾಗ ಕರೆಂಟ್ 1.7 ಆಂಪಿಯರ್. ಬ್ಯಾಟರಿಯ ತುದಿಯಲ್ಲಿ 12.5 ವೋಲ್ಟ್. ಬಲ್ಬಿನ ತುದಿಯಲ್ಲಿ 11.7. ಬಲ್ಬಿನ ಲೆಕ್ಕಕ್ಕೆ ಬೇಕಾಗಿರುವುದು ಎರಡನೆಯದು. 11.7ನ್ನು 1.7ರಿಂದ ಭಾಗಿಸಿದರೆ ಸುಮಾರು 6.9 ಓಮ್. ಗುಣಿಸಿದರೆ 19.9 ವ್ಯಾಟ್. 12 ವೋಲ್ಟ್‌ಗಿಂತ ಸ್ವಲ್ಪ ಕಡಿಮೆ ಸಿಕ್ಕಿದೆ, ಹಾಗಾಗಿ 21ಕ್ಕಿಂತ ಸ್ವಲ್ಪ ಕಡಿಮೆ ಬಂದಿದೆ. ಸರಿಯಾಗಿಯೇ ಇದೆ.

ಹಾಗಾದರೆ ಉಳಿದ 0.8 ವೋಲ್ಟ್ ಎಲ್ಲಿ ಹೋಯಿತು? ನನಗೆ ಈ ಲೆಕ್ಕದಲ್ಲಿ ತುಂಬಾ ಇಷ್ಟವಾಗುವ ಭಾಗ ಇದೇ. ಬಲ್ಬು ಉರಿಯುತ್ತಿರುವಾಗಲೇ ಒಂದೊಂದು ತುಂಡಿನ ಎರಡೂ ಕೊನೆಗೆ ಕಡ್ಡಿ ಮುಟ್ಟಿಸುತ್ತಾ ಹೋದೆ. ಒಂದು ವೈರಿನಲ್ಲಿ 0.1. ಇನ್ನೊಂದು ವೈರು ಮತ್ತು ಆಂಪಿಯರ್ ಮೀಟರ್ ಸೇರಿ 0.1. ಸ್ವಿಚ್‌ನಲ್ಲಿ 0.6! ಆನ್ ಆಗಿರುವ ಒಳ್ಳೆಯ ಸ್ವಿಚ್‌ನಲ್ಲಿ ಹೆಚ್ಚುಕಡಿಮೆ ಸೊನ್ನೆ ಬರಬೇಕು. 0.6ನ್ನು 1.7ರಿಂದ ಭಾಗಿಸಿದರೆ 0.35 ಓಮ್. ಗುಣಿಸಿದರೆ ಒಂದು ವ್ಯಾಟ್. ಆ ಒಂದು ವ್ಯಾಟ್ ಸ್ವಿಚ್‌ನ ಒಳಗಿನ ಪುಟ್ಟ ಲೋಹದ ತುಂಡುಗಳಲ್ಲಿ ಶಾಖವಾಗುತ್ತಿದೆ. ಮುಟ್ಟಿ ನೋಡಿದರೆ ಬೆಚ್ಚಗಿತ್ತು. ಓಮ್‌ನಲ್ಲಿ ಅಳೆದಿದ್ದರೆ ಇದು ಸಿಗುವುದು ಕಷ್ಟ. ಮಾಮೂಲಿ ಮೀಟರಿನ ವೈರುಗಳಿಗೇ ಹೆಚ್ಚುಕಡಿಮೆ ಅಷ್ಟು ರೆಸಿಸ್ಟೆನ್ಸ್ ಇರುತ್ತದೆ, ಅಲ್ವಾ?

ಲೆಕ್ಕ ಸರಿಯೇ ಅಂತ ನೋಡಲು ನಾನು ಯಾವಾಗಲೂ ಪವರನ್ನು ಕೂಡಿಸುತ್ತೇನೆ. ಬ್ಯಾಟರಿ ಕೊಟ್ಟಿದ್ದು 12.5 ಗುಣಿಲೆ 1.7, ಅಂದರೆ 21.25 ವ್ಯಾಟ್. ಬಲ್ಬು ತೆಗೆದುಕೊಂಡಿದ್ದು 19.89. ದಾರಿಯಲ್ಲಿ ಹೋಗಿದ್ದು 0.8 ಗುಣಿಲೆ 1.7, ಅಂದರೆ 1.36. ಎರಡೂ ಸೇರಿ 21.25. ತಾಳೆ ಬೀಳದಿದ್ದರೆ ಯಾವುದೋ ಓದು ತಪ್ಪಿದೆ ಅಂತ ಅರ್ಥ.

ಬ್ಯಾಟರಿಯ ವೋಲ್ಟೇಜ್ ಲೋಡ್ ಬಿದ್ದಾಗ, ಅಂದರೆ ಬಲ್ಬು ಕರೆಂಟ್ ಎಳೆಯುವಾಗ, ಇಳಿಯುವುದನ್ನೂ ಗಮನಿಸಿ. ಬಲ್ಬು ಆರಿಸಿದಾಗಿನ ವೋಲ್ಟೇಜನ್ನು ಉರಿಯುವಾಗಿನ ಕರೆಂಟ್ ಜೊತೆ ಸೇರಿಸಬಾರದು. ವೋಲ್ಟೇಜ್, ಕರೆಂಟ್, ರೆಸಿಸ್ಟೆನ್ಸ್‌ಗಳ ಸಂಬಂಧ ಹೇಳುವ ತನ್ನ ನಿಯಮವನ್ನು 1827ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಜರ್ಮನ್ ವಿಜ್ಞಾನಿ ಜಾರ್ಜ್ ಸೈಮನ್ ಓಮ್‌ಗೂ ಪ್ರಯೋಗದಲ್ಲಿ ಇದೇ ತೊಂದರೆ ಎದುರಾಗಿತ್ತು. ಆಗಿನ ಬ್ಯಾಟರಿಗಳ ವೋಲ್ಟೇಜ್ ನಿಲ್ಲುತ್ತಿರಲಿಲ್ಲ. ಹಾಗಾಗಿ ಅವನು ಎರಡು ಲೋಹಗಳ ಬೆಸುಗೆಯ ಒಂದು ತುದಿ ಬಿಸಿ, ಇನ್ನೊಂದು ತಣ್ಣಗೆ ಇಟ್ಟು, ಅದರಿಂದ ಬರುವ ಸ್ಥಿರ ವೋಲ್ಟೇಜನ್ನು ಬಳಸಿದ.

ಎಲ್‌ಇಡಿಗೆ ಬಂದರೆ ಭಾಗಾಕಾರದ ಉತ್ತರವನ್ನು ನಾನು ನಂಬಿ ಕೂರುವುದಿಲ್ಲ. ಅದು ಆ ಒಂದು ಕರೆಂಟ್‌ಗೆ ಮಾತ್ರ ಸರಿ. ಕರೆಂಟ್ ಬದಲಾದರೆ ಉತ್ತರವೂ ಬದಲಾಗುತ್ತದೆ. ಅಲ್ಲಿ ಲೆಕ್ಕ ಹಾಕಬೇಕಾಗಿರುವುದು ಕರೆಂಟ್ ಮಿತಿಯಲ್ಲಿಡಲು ಜೊತೆಗೆ ಹಾಕಿರುವ ರೆಸಿಸ್ಟರ್‌ಗೆ. 12 ವೋಲ್ಟ್‌ನಲ್ಲಿ ಎಲ್‌ಇಡಿ 3 ವೋಲ್ಟ್ ತೆಗೆದುಕೊಂಡರೆ ರೆಸಿಸ್ಟರ್‌ಗೆ ಉಳಿಯುವುದು 9. ಕರೆಂಟ್ 20 ಮಿಲಿಆಂಪಿಯರ್ ಬೇಕು. ಅದನ್ನು ಮೊದಲು 0.02 ಆಂಪಿಯರ್ ಅಂತ ಬರೆದುಕೊಳ್ಳಿ. 9 ಭಾಗಿಸು 0.02, ಅಂದರೆ 450 ಓಮ್. ಸುಲಭವಾಗಿ ಸಿಗುವುದು 470. ಪವರ್ ಸುಮಾರು 0.17 ವ್ಯಾಟ್. ಕಾಲು ವ್ಯಾಟಿನ ರೆಸಿಸ್ಟರ್ ಲೆಕ್ಕಕ್ಕೆ ಸಾಕು, ಆದರೆ ಚೆನ್ನಾಗಿ ಬಿಸಿಯಾಗುತ್ತದೆ. ನಾನು ಅರ್ಧ ವ್ಯಾಟಿನದ್ದನ್ನೇ ಹಾಕುತ್ತೇನೆ.