ಮುಕ್ಕಾಲು ಎಂದರೆ ಮೂರು ಕಾಲು: ಲೆಕ್ಕದಲ್ಲಿ ತಡವರಿಸುವ ಮಕ್ಕಳಿಗೆ ಭಿನ್ನರಾಶಿ ಕಲಿಸುವ ಬಗೆ

ನಾಲ್ಕು-ಐದನೇ ತರಗತಿಯಲ್ಲಿ ಭಿನ್ನರಾಶಿ ಬಂದಾಗ ಎಡವುವ ಮಗುವಿಗೆ ಎಷ್ಟೋ ಸಲ ಕೂಡುವುದು, ಕಳೆಯುವುದು ಬರುತ್ತಿರುತ್ತದೆ. ಅದರ ತೊಡಕು ಬೇರೆ. 3/4 ಅದಕ್ಕೆ ಒಂದು ಸಂಖ್ಯೆಯಾಗಿ ಕಾಣುವುದಿಲ್ಲ. ಮೇಲೊಂದು ಮೂರು, ಕೆಳಗೊಂದು ನಾಲ್ಕು, ಹೀಗೆ ಎರಡಾಗಿ ಕಾಣುತ್ತದೆ. 1/2 + 1/3 ಕೊಟ್ಟರೆ 2/5 ಎಂದು ಬರೆಯುವುದು, ನಾಲ್ಕಕ್ಕಿಂತ ಎಂಟು ದೊಡ್ಡದು ಎಂದುಕೊಂಡು 1/4ಕ್ಕಿಂತ 1/8 ದೊಡ್ಡದು ಎನ್ನುವುದು, ಎರಡೂ ಇದೇ ಬೇರಿನ ತಪ್ಪುಗಳು. ಆದ್ದರಿಂದ ಮೊದಲ ವಾರ ಅಡ್ಡಗೆರೆ ಎಳೆದು ಬರೆಯುವುದೇ ಬೇಡ. ಬಾಯಿಮಾತು ಮತ್ತು ಕಾಗದ ಸಾಕು.

ಕನ್ನಡ ಮಾತಾಡುವ ಮಗುವಿನ ನಾಲಿಗೆಯ ಮೇಲೆ ಭಿನ್ನರಾಶಿ ಆಗಲೇ ಇದೆ: ಕಾಲು ಕೆಜಿ ಬೆಲ್ಲ, ಅರ್ಧ ಲೀಟರ್ ಹಾಲು, ಒಂದೂವರೆ ಮೀಟರ್ ಬಟ್ಟೆ. ಇವುಗಳ ನಡುವೆ ಮುಕ್ಕಾಲು ಎಂಬ ಪದ ಚಿನ್ನದಂಥದ್ದು. ಅದು ಮೂರು ಕಾಲು. ಕಾಲು ಎಂಬುದು ತುಂಡಿನ ಹೆಸರು, ಮೂರು ಎಂಬುದು ತುಂಡುಗಳ ಎಣಿಕೆ. ಛೇದ, ಅಂಶ ಎಂಬ ಪದಗಳು ಮುಂದೆ ಹೇಳುವುದೂ ಇದನ್ನೇ. ನಾಲ್ಕಾಣೆ, ಎಂಟಾಣೆಯ ಉದಾಹರಣೆ ಮಾತ್ರ ಕೊಡಬೇಡಿ. 25 ಪೈಸೆಯ ನಾಣ್ಯ 2011ರ ಜೂನ್ ಕೊನೆಗೇ ಚಲಾವಣೆಯಿಂದ ಹೋಗಿದೆ. ಈಗಿನ ಮಕ್ಕಳು ಅದನ್ನು ಕಂಡೇ ಇಲ್ಲ.

ಒಂದು ಹಾಳೆ, ಏಳು ಪಟ್ಟಿ

ಪ್ರತಿ ಮಗುವಿಗೂ ಒಂದು ಎ4 ಹಾಳೆ ಕೊಡಿ. ಅದರ ಅಗಲ 21 ಸೆಂ.ಮೀ. ಉದ್ದಕ್ಕೆ 3 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿದರೆ ಸರಿಯಾಗಿ ಏಳು ಬರುತ್ತವೆ. ಪ್ರತಿಯೊಂದನ್ನೂ 24 ಸೆಂ.ಮೀ. ಉದ್ದಕ್ಕೆ ಕತ್ತರಿಸಿ. 24 ಏಕೆಂದರೆ ಅದು 2, 3, 4, 6, 8, 12 ಎಲ್ಲದರಿಂದಲೂ ಶೇಷವಿಲ್ಲದೆ ಭಾಗವಾಗುತ್ತದೆ. ಒಂದು ಪಟ್ಟಿ ಪೂರ್ತಿಯಾಗಿಯೇ ಇರಲಿ. ಮೂರನ್ನು ಮಡಚಿ ಎರಡು, ನಾಲ್ಕು, ಎಂಟು ಭಾಗ ಮಾಡಿಸಿ. ಉಳಿದ ಮೂರಕ್ಕೆ ಅಳತೆಪಟ್ಟಿ ಬೇಕು, ಮೂರು ಸಮಭಾಗವಾಗಿ ಮಡಚುವುದು ಮಕ್ಕಳ ಕೈಗೆ ಕಷ್ಟ: ಮೂರು ಭಾಗಕ್ಕೆ 8 ಮತ್ತು 16ರಲ್ಲಿ ಗುರುತು, ಆರಕ್ಕೆ 4 ಸೆಂ.ಮೀ.ಗೊಂದು, ಹನ್ನೆರಡಕ್ಕೆ 2 ಸೆಂ.ಮೀ.ಗೊಂದು. ಪ್ರತಿ ಭಾಗದ ಮೇಲೂ ಅದರ ಹೆಸರನ್ನು ಅಕ್ಷರದಲ್ಲೇ ಬರೆಸಿ: ಅರ್ಧ, ಕಾಲು, ಮೂರನೇ ಒಂದು, ಎಂಟನೇ ಒಂದು.

ಮೊದಲ ಮಡಿಕೆಯಲ್ಲಿ ಅಂಚಿಗೆ ಅಂಚು ಕೂಡದಿದ್ದರೆ ಎಂಟರ ಪಟ್ಟಿಯಲ್ಲಿ ಭಾಗಗಳು ಹೆಚ್ಚುಕಡಿಮೆಯಾಗುತ್ತವೆ. ಅಂಥ ಪಟ್ಟಿಯನ್ನು ಮತ್ತೆ ಮಾಡಿಸಿ, ಹಾಗೆಯೇ ಬಿಡಬೇಡಿ. ಸರ್ಕಾರಿ ಶಾಲೆಗಳ ಗಣಿತ ಕಲಿಕಾ ಆಂದೋಲನ ಎಂಬ ಕಾರ್ಯಕ್ರಮದ ಕಿಟ್ ಶಾಲೆಯಲ್ಲಿದ್ದರೆ ಅದರ ಸಿದ್ಧ ಪಟ್ಟಿಗಳು ಆಮೇಲಿನ ಅಭ್ಯಾಸಕ್ಕೆ ಒದಗುತ್ತವೆ. ಆದರೆ ಮೊದಲ ಸಲದ ಪಟ್ಟಿಗಳನ್ನು ಮಗುವೇ ಮಾಡಬೇಕು.

ರೊಟ್ಟಿ, ಚಪಾತಿಯ ಚಿತ್ರ ಅರ್ಧಕ್ಕೂ ಕಾಲಿಗೂ ಚೆನ್ನ. ಮೂರಕ್ಕೆ, ಐದಕ್ಕೆ ಬೇಡ. ವೃತ್ತವನ್ನು ಮೂರು ಸಮಭಾಗ ಮಾಡಲು ಮಕ್ಕಳಿಗಾಗದು, ಆಗ ಸಮಭಾಗ ಎಂಬ ಮಾತೇ ಸಡಿಲವಾಗುತ್ತದೆ.

ಈಗ ಬೆರಳಿಟ್ಟು ಎಣಿಸಲಿ: ಒಂದು ಕಾಲು, ಎರಡು ಕಾಲು, ಮೂರು ಕಾಲು, ನಾಲ್ಕು ಕಾಲು. ಅಲ್ಲಿಗೇ ನಿಲ್ಲಿಸಬೇಡಿ. ಪಕ್ಕದವರ ಪಟ್ಟಿಯನ್ನು ಜೋಡಿಸಿ ಐದು ಕಾಲು, ಆರು ಕಾಲು ಎಂದು ಮುಂದುವರಿಸಿ. ಐದು ಕಾಲೇ ಒಂದೂಕಾಲು, ಆರು ಕಾಲೇ ಒಂದೂವರೆ ಎಂದು ಮಕ್ಕಳೇ ಕಂಡುಕೊಳ್ಳುತ್ತಾರೆ. ಇದನ್ನು ಬಿಟ್ಟರೆ ಮುಂದೆ 5/4 ಕಂಡಾಗ 'ನಾಲ್ಕರಲ್ಲಿ ಐದು ತೆಗೆಯುವುದು ಹೇಗೆ?' ಎಂದು ಕಂಗಾಲಾಗುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ.

ನಡುವೆ ಒಂದು ಪಟ್ಟಿಯನ್ನು ಮೂರು ಅಸಮ ತುಂಡಾಗಿ ಹರಿದು 'ಇದು ಮೂರನೇ ಒಂದೇ?' ಎಂದು ಕೇಳಿ. ಹೌದೆನ್ನುವ ಮಗು ತುಂಡುಗಳನ್ನು ಎಣಿಸುತ್ತಿದೆ, ಅಳೆಯುತ್ತಿಲ್ಲ. ಇನ್ನೊಮ್ಮೆ 24 ಸೆಂ.ಮೀ. ಪಟ್ಟಿಯ ಅರ್ಧವನ್ನೂ 12 ಸೆಂ.ಮೀ. ಪಟ್ಟಿಯ ಅರ್ಧವನ್ನೂ ಪಕ್ಕಪಕ್ಕ ಇಟ್ಟು 'ಎರಡೂ ಅರ್ಧ, ಸಮ ಏಕಿಲ್ಲ?' ಎನ್ನಿ. ಯಾವುದರ ಅರ್ಧ ಎಂದು ಕೇಳುವ ಅಭ್ಯಾಸ ಹೀಗೆ ಬೆಳೆಯುತ್ತದೆ.

ಬರೆಯುವಾಗ ಗೆರೆ ಮೊದಲು

ಎರಡನೇ ವಾರ ಬರವಣಿಗೆ. ಇಲ್ಲಿ ಕನ್ನಡದ್ದೇ ಒಂದು ತೊಡಕಿದೆ. ನಾವು 'ಮೂರನೇ ಎರಡು' ಎನ್ನುತ್ತೇವೆ, ಛೇದವನ್ನು ಮೊದಲು ಹೇಳುತ್ತೇವೆ. ಮಗು ಮೊದಲು ಕೇಳಿದ ಮೂರನ್ನು ಮೊದಲು, ಅಂದರೆ ಮೇಲೆ, ಬರೆದು 3/2 ಮಾಡುತ್ತದೆ. ಇದಕ್ಕೆ ಬಯ್ಯಬೇಡಿ; ಬರೆಯುವ ಕ್ರಮವನ್ನು ಮಾತಿನ ಕ್ರಮಕ್ಕೆ ಹೊಂದಿಸಿ. ಮೊದಲು ಅಡ್ಡಗೆರೆ, ಆಮೇಲೆ ಕೆಳಗೆ ತುಂಡಿನ ಹೆಸರು, ಕೊನೆಗೆ ಮೇಲೆ ಎಣಿಕೆ. ಇಂಗ್ಲಿಷ್ ಮಾಧ್ಯಮದ ಮಗು 'ಟೂ ಬೈ ಥ್ರೀ' ಎಂದು ಓದಿದರೆ 'ಟೂ ಥರ್ಡ್ಸ್' ಎಂದು ತಿದ್ದಿ. 'ಬೈ' ಎಂದಾಗ ಮತ್ತೆ ಎರಡು ಸಂಖ್ಯೆಗಳೇ ಉಳಿಯುತ್ತವೆ.

ಸಂಖ್ಯಾರೇಖೆಯನ್ನೂ 24 ಸೆಂ.ಮೀ.ಗೇ ಎಳೆಸಿ, ಪಟ್ಟಿಯನ್ನು ಅದರ ಮೇಲಿಟ್ಟು ಗುರುತು ಹಾಕಿಸಿ. ರೇಖೆ ನಾಲ್ಕು ಭಾಗವಾಗಿದ್ದಾಗ ಮಕ್ಕಳು ನಡುವಿನ ಮೂರು ಗೆರೆ ಎಣಿಸಿ ಮೂರು ಭಾಗ ಎನ್ನುವುದು ಸಾಮಾನ್ಯ. ಗೆರೆಯಿಂದ ಗೆರೆಗೆ ಕಮಾನು ಬರೆಸಿ, ಕಮಾನುಗಳನ್ನು ಎಣಿಸಲು ಹೇಳಿ.

ಸಮಾನ ಭಿನ್ನರಾಶಿಗೂ ಇವೇ ಪಟ್ಟಿಗಳು. ಅರ್ಧಕ್ಕೆ ಸರಿಹೊಂದುವ ಮಡಿಕೆಗಳನ್ನು ಹುಡುಕಿದರೆ 2/4, 3/6, 4/8, 6/12 ಸಿಗುತ್ತವೆ. ಪ್ರತಿ ತುಂಡೂ ಎರಡಾದರೆ ಎಣಿಕೆ ಇಮ್ಮಡಿ, ತುಂಡು ಅರ್ಧ. ಉದ್ದ ಮಾತ್ರ ಅಷ್ಟೇ. ಇದನ್ನು ಕೈಯಲ್ಲಿ ಕಂಡ ಮೇಲೆ ಮೇಲೂ ಕೆಳಗೂ ಗುಣಿಸುವ ನಿಯಮ ಹೇಳಿ.

ಕೂಡುವಾಗ ಒಂದೇ ಹೆಸರಿನ ತುಂಡುಗಳಿಂದ ಶುರುಮಾಡಿ: ಎರಡು ಕಾಲು ಮತ್ತು ಒಂದು ಕಾಲು ಸೇರಿ ಮೂರು ಕಾಲು. ಆಮೇಲೆ 1/2 + 1/3. ಅರ್ಧ 12 ಸೆಂ.ಮೀ., ಮೂರನೇ ಒಂದು 8 ಸೆಂ.ಮೀ., ಸೇರಿ 20. ಅರ್ಧದ ತುಂಡಾಗಲಿ ಮೂರರ ತುಂಡಾಗಲಿ 20ನ್ನು ಸರಿಯಾಗಿ ಅಳೆಯಲಾರದು; ಆರರ ಪಟ್ಟಿಯ 4 ಸೆಂ.ಮೀ. ತುಂಡು ಐದು ಸಲಕ್ಕೆ ಅಳೆಯುತ್ತದೆ. ಉತ್ತರ 5/6. 2/5 ಎಂದು ಬರೆದ ಮಗುವಿಗೆ ತಪ್ಪು ಎನ್ನುವ ಬದಲು ಅದರ ಉದ್ದ ತೋರಿಸಿ: 9.6 ಸೆಂ.ಮೀ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆಯಾಗುವುದುಂಟೇ? ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ತೆಗೆದು ಛೇದಗಳನ್ನು ಸಮ ಮಾಡುವುದು ಇದರ ನಂತರದ ಮಾತು.

ಮುಂದಿನ ಪಾಠಕ್ಕೆ ಹೋಗುವ ಮುನ್ನ ಒಬ್ಬೊಬ್ಬರನ್ನೇ ಕರೆದು 12 ಹುಣಸೆ ಬೀಜ ಕೊಟ್ಟು 'ಇವುಗಳ ಮೂರನೇ ಎರಡು ತೆಗೆ' ಎನ್ನಿ. ಎಂಟು ತೆಗೆದರೆ ಸರಿ. ಮೂರು ಅಥವಾ ಎರಡು ಬೀಜ ತೆಗೆದರೆ ಮಗು ಇನ್ನೂ ಅಂಕಿಗಳನ್ನೇ ನೋಡುತ್ತಿದೆ. ಮೂರು ಸಮ ಗುಡ್ಡೆ ಮಾಡಿಸಿ, ಒಂದೊಂದು ಗುಡ್ಡೆಗೂ 'ಮೂರನೇ ಒಂದು' ಎಂದು ಹೆಸರಿಡಿಸಿ, ಮತ್ತೆ ಎರಡು ಗುಡ್ಡೆ ಕೇಳಿ.