ಕೆರೆಗೆ ಹಳೆಯ ದೋಣಿ: ಬಣ್ಣ ಬಿಟ್ಟು ಅಡಿ ನೋಡಿ

ತುಮಕೂರು ಜಿಲ್ಲೆಯ ಎಷ್ಟೋ ಕೆರೆಗಳಲ್ಲಿ ಇಂದಿಗೂ ಥರ್ಮಾಕೋಲ್ ತೆಪ್ಪದ ಮೇಲೋ ಲಾರಿ ಟ್ಯೂಬಿನ ಮೇಲೋ ಕುಳಿತು ಬಲೆ ಬಿಡುತ್ತಾರೆ. ನಸುಕಿನಲ್ಲಿ ಒಬ್ಬನೇ ಮನುಷ್ಯ, ಕಾಲಿಗೆ ಸುತ್ತಿಕೊಳ್ಳುವ ಬಲೆ, ಕೆಳಗೆ ಇಪ್ಪತ್ತು ಅಡಿ ನೀರು. ನೋಡಿದಾಗಲೆಲ್ಲ ನನ್ನ ಎದೆ ನಡುಗುತ್ತದೆ. ಹೊಸ ಫೈಬರ್ ದೋಣಿಗೆ ಹಣ ಹೊಂದಿಸಲಾಗದವರು ಕರಾವಳಿಯಿಂದ ಹಳೆಯದೊಂದನ್ನು ತರಬಹುದು. ಕುಣಿಗಲ್ ಕಡೆಯ ನಾವು ಐದು ಮಂದಿ ಹಾಗೆ ಎರಡು ದೋಣಿ ತಂದೆವು. ಮೊದಲನೆಯದರಲ್ಲಿ ಸೋತೆವು. ಎರಡನೆಯದು ಈಗಲೂ ನೀರಿನಲ್ಲಿದೆ.

ದೋಣಿ ಹುಡುಕುವ ಮೊದಲು ನಿಮ್ಮ ಕೆರೆಯನ್ನು ನೋಡಿ, ಅದೂ ಬೇಸಿಗೆಯಲ್ಲಿ. ಹೇಮಾವತಿ ನಾಲೆಯ ನೀರು ಬಂದಾಗ ಏರಿ ಮುಟ್ಟುವ ಕೆರೆ ಏಪ್ರಿಲ್‌ನಲ್ಲಿ ದೂರ ಸರಿದಿರುತ್ತದೆ. ಆಗ ದೋಣಿಯನ್ನು ಕೆಸರಿನಲ್ಲಿ ಎಳೆದೊಯ್ಯುವವರು ನೀವೇ. ಕೆರೆಯ ಅಂಗಳದಲ್ಲಿ ಬೆಳೆದ ಜಾಲಿಯ ಬೊಡ್ಡೆಗಳು ನೀರು ತುಂಬಿದಾಗ ಕಾಣದೆ ನಿಂತಿರುತ್ತವೆ, ದೋಣಿಯ ಅಡಿಯನ್ನು ಸೀಳುವುದು ಅವೇ. ಆದ್ದರಿಂದ ನಾಲ್ಕು ಜನ ಹೊತ್ತು ತಿರುಗಿಸಬಹುದಾದ, ಅಡಿ ಚಪ್ಪಟೆಯಾಗಿರುವ, ಹದಿನಾಲ್ಕರಿಂದ ಹದಿನಾರು ಅಡಿ ಉದ್ದದ ದೋಣಿ ಸಾಕು. ಅಲೆ ಸೀಳಲೆಂದು ಮೂತಿ ಚೂಪಾಗಿಸಿ ಕಟ್ಟಿದ ಮೂವತ್ತು ಅಡಿಯ ಕಡಲ ದೋಣಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಮಲ್ಲಾಘಟ್ಟದಂಥ ಕೆರೆಯಲ್ಲಿ ಅದು ದಡಕ್ಕೇ ಬರಲಾರದು.

ಕೆರೆಯಲ್ಲಿ ಮೀನು ಹಿಡಿಯುವ ಹಕ್ಕು ನಿಮಗಿದೆಯೇ ಎಂಬುದೂ ಮೊದಲೇ ತೀರ್ಮಾನವಾಗಬೇಕು. ದೊಡ್ಡ ಕೆರೆಗಳ ಮೀನುಗಾರಿಕೆ ಗುತ್ತಿಗೆಯನ್ನು ಮೀನುಗಾರಿಕೆ ಇಲಾಖೆ ನೋಡಿಕೊಳ್ಳುತ್ತದೆ, ಚಿಕ್ಕವು ಗ್ರಾಮ ಪಂಚಾಯಿತಿಯವು. ಕುಡಿಯುವ ನೀರಿನ ಕೆರೆಯಾದರೆ ಎಂಜಿನ್ ಬಳಸುವ ಯೋಚನೆಯನ್ನೇ ಬಿಡಿ.

<b>ಯಾವಾಗ ಹೋಗಬೇಕು</b>

ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಹತ್ತು ಅಶ್ವಶಕ್ತಿಯೊಳಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಇದು ಅನ್ವಯಿಸದಿದ್ದರೂ ಕಡಲು ಅಬ್ಬರಿಸುವ ದಿನ ಅವೂ ದಡದಲ್ಲೇ ಇರುತ್ತವೆ. ಮಲ್ಪೆಗೋ ಮಂಗಳೂರಿಗೋ ಹೋಗಲು ಅದೇ ಸರಿಯಾದ ಸಮಯ. ನೀರಿನ ಮೇಲೆ ತೇಲುತ್ತಿರುವ ದೋಣಿಯ ಅಡಿ ನಿಮಗೆ ಕಾಣುವುದಿಲ್ಲ, ದಡದಲ್ಲಿ ಮಗುಚಿಟ್ಟದ್ದು ಎಲ್ಲವನ್ನೂ ತೋರಿಸುತ್ತದೆ. ಮಾರುವವರಿಗೂ ಆಗ ಮಾತನಾಡಲು ಬಿಡುವಿರುತ್ತದೆ.

<b>ಅಡಿಯಿಂದ ಶುರುಮಾಡಿ</b>

ನಮ್ಮ ಮೊದಲ ದೋಣಿ ನೀಲಿ ಬಣ್ಣ ಬಳಿದುಕೊಂಡು ಮದುಮಗಳಂತೆ ಇತ್ತು. ಬಣ್ಣ ಹಸಿಯಾಗಿತ್ತು ಎಂಬುದೇ ನಮ್ಮನ್ನು ಎಚ್ಚರಿಸಬೇಕಿತ್ತು. ಎರಡು ತಿಂಗಳಲ್ಲಿ ಬಣ್ಣ ಎದ್ದಿತು, ಕೆಳಗೆ ಪುಟ್ಟಿ ತುಂಬಿ ಮುಚ್ಚಿದ ಮೊಳದುದ್ದದ ಬಿರುಕಿತ್ತು. ಎರಡನೆಯ ಬಾರಿ ಹೋದಾಗ ಮಲ್ಪೆಯ ಹಿರಿಯ ಮೀನುಗಾರರೊಬ್ಬರು ನನ್ನ ಕೈಗೆ ಒಂದು ಮರದ ಕೊಡತಿ ಕೊಟ್ಟು, "ಕಣ್ಣು ಮುಚ್ಚಿಕೊಂಡು ಬಡಿಯಿರಿ, ಕಿವಿಯೇ ಹೇಳುತ್ತದೆ" ಎಂದರು. ಗಟ್ಟಿ ಫೈಬರ್ ಟಣ್ ಎನ್ನುತ್ತದೆ. ಪದರಗಳು ಬಿಟ್ಟುಕೊಂಡ ಜಾಗ, ನೀರು ಕುಡಿದ ಜಾಗ ಬೂದಿ ಚೀಲಕ್ಕೆ ಬಡಿದಂತೆ ಡಬ್ ಎನ್ನುತ್ತದೆ. ಗೇಣು ಗೇಣಿಗೂ ಬಡಿಯಿರಿ, ಶಬ್ದ ಬದಲಾದಲ್ಲೆಲ್ಲ ಸೀಮೆಸುಣ್ಣದ ಗುರುತು ಹಾಕಿ. ಗುರುತುಗಳು ಅಲ್ಲೊಂದು ಇಲ್ಲೊಂದಾದರೆ ದುರಸ್ತಿಗೆ ಒಳಪಡುತ್ತದೆ, ಒಂದಕ್ಕೊಂದು ಕೂಡಿಕೊಂಡರೆ ಎದ್ದು ಬನ್ನಿ.

ಕೂದಲೆಳೆಯಂಥ ಬಿರುಕುಗಳಲ್ಲಿ ಎರಡು ಬಗೆ. ಮೇಲಿನ ಹೊಳಪಿನ ಪದರದಲ್ಲಷ್ಟೇ ಜೇಡರಬಲೆಯಂತೆ ಹರಡಿದ್ದು ಹೆದರುವಂಥದ್ದಲ್ಲ. ಉಗುರು ಸಿಕ್ಕಿಕೊಳ್ಳುವಷ್ಟು ಆಳವಾಗಿ ಒಂದೇ ನೇರದಲ್ಲಿ ಓಡಿದ್ದು ಅಪಾಯದ್ದು. ಅಕ್ಕಿಕಾಳಿನಿಂದ ಹಿಡಿದು ನಾಣ್ಯದಗಲದವರೆಗಿನ ಬೊಬ್ಬೆಗಳಿದ್ದರೆ ಒಂದನ್ನು ಒಡೆಯಲು ಅನುಮತಿ ಕೇಳಿ. ಒಳಗಿನಿಂದ ಹುಳಿ ವಾಸನೆಯ ದ್ರವ ಬಂದರೆ ನೀರು ಫೈಬರ್ ಪದರದೊಳಗೆ ಇಳಿದಿದೆ ಎಂದರ್ಥ.

ಎಂಜಿನ್ ಕೂರುವ ಹಿಂಬದಿಯ ಹಲಗೆಯನ್ನು ಮರೆಯಲೇಬೇಡಿ. ಅದರೊಳಗೆ ಸಾಮಾನ್ಯವಾಗಿ ಪ್ಲೈವುಡ್ ಇರುತ್ತದೆ, ಬೋಲ್ಟಿನ ತೂತಿನಿಂದ ನೀರು ಇಳಿದು ಅದು ಹೊರಗೆ ಗೊತ್ತಾಗದಂತೆ ಕೊಳೆಯುತ್ತದೆ. ಎಂಜಿನ್ನಿನ ಕೆಳತುದಿ ಹಿಡಿದು ಹಿಂದಕ್ಕೂ ಮುಂದಕ್ಕೂ ತಳ್ಳಿ ನೋಡಿ. ಹಲಗೆ ಬಾಗಿದರೆ ಅಥವಾ ತೂತಿನಿಂದ ಕಂದು ನೀರು ಒಸರಿದರೆ ಆ ದೋಣಿಯ ಬೆನ್ನು ಮುರಿದಂತೆಯೇ.

ಕೊನೆಗೆ ದೋಣಿಯನ್ನು ಸಮತಟ್ಟು ಮರಳಿನ ಮೇಲೆ ನೆಟ್ಟಗೆ ಕೂರಿಸಿ, ಒಳಗೆ ಗೇಣಿನಷ್ಟು ನೀರು ತುಂಬಿ, ಒಂದು ಚಹಾ ಕುಡಿದು ಬನ್ನಿ. ಸೋರುವ ಕಡೆ ಮರಳು ಒದ್ದೆಯಾಗಿರುತ್ತದೆ. ಈ ಪರೀಕ್ಷೆಗೆ ಮಾಲೀಕರು ಒಪ್ಪದಿದ್ದರೆ ಚೌಕಾಸಿಗೇ ಇಳಿಯಬೇಡಿ.

<b>ಎಂಜಿನ್ ಬೇಕೇ?</b>

ಬಹುಪಾಲು ಕೆರೆಗಳಿಗೆ ಹುಟ್ಟು ಮತ್ತು ಜಲ್ಲೆ ಸಾಕು ಎಂಬುದು ನನ್ನ ಅಭಿಪ್ರಾಯ. ಮಾರ್ಕೋನಹಳ್ಳಿಯಂಥ ಜಲಾಶಯದಲ್ಲಿ ದೂರ ಹೋಗುವವರಿಗೆ, ಅಲ್ಲಿ ಅನುಮತಿಯಿದ್ದರೆ, ದೋಣಿಯ ಹಿಂಬದಿಗೆ ಹೊರಗಿನಿಂದ ಬಿಗಿಯುವ ಎಂಟು ಅಥವಾ ಹತ್ತು ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್ ಆದೀತು. ಕರಾವಳಿಯ ಎಂಜಿನ್‌ಗಳಲ್ಲಿ ಅನೇಕವು ಪೆಟ್ರೋಲಿನಲ್ಲಿ ಚಾಲೂ ಆಗಿ ಸೀಮೆಎಣ್ಣೆಯಲ್ಲಿ ಓಡುವಂಥವು. ಅಲ್ಲಿನ ನಾಡದೋಣಿಗಳಿಗೆ ಪರ್ಮಿಟ್ ಮೇಲೆ ಸಿಗುವ ರಿಯಾಯಿತಿ ಸೀಮೆಎಣ್ಣೆ ಎಂಜಿನ್ನಿನ ಜೊತೆ ಘಟ್ಟ ಹತ್ತಿ ಬರುವುದಿಲ್ಲ. ಹಾಗಾಗಿ ಪೆಟ್ರೋಲಿನದನ್ನೇ ಹುಡುಕಿ.

ನೀವು ಹೋದಾಗ ಎಂಜಿನ್ ತಣ್ಣಗಿರಬೇಕು. ಮುಟ್ಟಿದರೆ ಬಿಸಿ ಎನಿಸಿದರೆ ಮೊದಲೇ ಓಡಿಸಿ ಇಟ್ಟಿದ್ದಾರೆ, ಮರುದಿನ ಬನ್ನಿ. ಕೆಳಭಾಗದ ಗೇರ್ ಎಣ್ಣೆಯನ್ನು ಸ್ವಲ್ಪ ಇಳಿಸಿ ನೋಡಿ, ಹಾಲಿನ ಬಣ್ಣವಿದ್ದರೆ ಸೀಲ್ ಹೋಗಿ ನೀರು ಸೇರಿದೆ. ಎಂಜಿನ್ನನ್ನು ನೀರಿನ ಡ್ರಮ್ಮಿನಲ್ಲಿಳಿಸಿ ಓಡಿಸಿದಾಗ ಪಕ್ಕದ ಸಣ್ಣ ತೂತಿನಿಂದ ನೀರು ಬಿಡದೆ ಚಿಮ್ಮಬೇಕು. ಇಲ್ಲವಾದರೆ ನೀರೆತ್ತುವ ರಬ್ಬರ್ ಇಂಪೆಲ್ಲರ್ ಸವೆದಿರಬಹುದು ಅಥವಾ ಉಪ್ಪು ಕಟ್ಟಿ ದಾರಿ ಮುಚ್ಚಿರಬಹುದು. ನಮ್ಮ ಕೆರೆಗಳ ಹೂಳು ಇಂಪೆಲ್ಲರನ್ನು ಬೇಗ ಸವೆಸುತ್ತದೆ, ಒಂದು ಹೆಚ್ಚಿಗೆ ಕೊಂಡಿಟ್ಟುಕೊಳ್ಳಿ. ಕಡಲಲ್ಲಿ ತುಕ್ಕು ತಡೆಯಲು ಹಾಕಿದ ಸತುವಿನ ತುಂಡು ಸಿಹಿನೀರಿನಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಮೆಗ್ನೀಸಿಯಂನದಕ್ಕೆ ಬದಲಿಸಿ.

<b>ಕಾಗದ, ಲಾರಿ</b>

ದೋಣಿಯ ಮೇಲೆ ಬರೆದ ನೋಂದಣಿ ಸಂಖ್ಯೆಯೂ ಪುಸ್ತಕದಲ್ಲಿರುವುದೂ ಒಂದೇ ಆಗಿರಬೇಕು. ಎಂಜಿನ್ ಸಂಖ್ಯೆಯನ್ನು ಬಿಲ್ಲಿನೊಂದಿಗೆ ಹೋಲಿಸಿ. ದೋಣಿಯ ಮೇಲೆ ಬ್ಯಾಂಕ್ ಅಥವಾ ಸಹಕಾರ ಸಂಘದ ಸಾಲವಿದೆಯೇ, ಸಬ್ಸಿಡಿಯಲ್ಲಿ ಪಡೆದದ್ದೇ ಎಂದು ಕೇಳಿ. ಇದ್ದರೆ ಆಕ್ಷೇಪವಿಲ್ಲವೆಂಬ ಪತ್ರ ಬರುವವರೆಗೆ ಮುಂಗಡ ಕೊಡಬೇಡಿ.

ಮಂಗಳೂರಿನಿಂದ ಶಿರಾಡಿ ಘಾಟಿ, ಹಾಸನ, ಯಡಿಯೂರು ದಾಟಿ ಬರುವ ರಾಷ್ಟ್ರೀಯ ಹೆದ್ದಾರಿ 75 ನೇರ ಕುಣಿಗಲ್ ಮುಟ್ಟಿಸುತ್ತದೆ. ಲಾರಿಯಲ್ಲಿ ದೋಣಿಯ ಅಡಿಗೆ ಉದ್ದಕ್ಕೂ ಹುಲ್ಲು ತುಂಬಿದ ಚೀಲ, ಹಳೆಯ ಟಯರು ಹಾಸಿ. ಭಾರ ಎರಡೇ ಕಡೆ ನಿಂತರೆ ಘಾಟಿಯ ಕುಲುಕಾಟಕ್ಕೆ ಗಟ್ಟಿ ದೋಣಿಯೂ ಸೀಳುತ್ತದೆ. ಎಂಜಿನ್ ಬಿಚ್ಚಿ ಬೇರೆಯಾಗಿ ಕಟ್ಟಿ.

<b>ನೀರಿಗಿಳಿಸುವ ದಿನ</b>

ಕಡಲ ನೀರು ಸಿಹಿನೀರಿಗಿಂತ ಸುಮಾರು ನೂರಕ್ಕೆ ಎರಡೂವರೆಯಷ್ಟು ಭಾರ. ಅದೇ ಹೊರೆ ಹೊತ್ತ ದೋಣಿ ಕೆರೆಯಲ್ಲಿ ತುಸು ಹೆಚ್ಚು ಮುಳುಗುತ್ತದೆ. ಮಾರಿದವರು "ಆರು ಜನ ಕೂರಬಹುದು" ಎಂದಿದ್ದರೆ ನೀವು ನಾಲ್ಕಕ್ಕೆ ನಿಲ್ಲಿಸಿ, ಒದ್ದೆ ಬಲೆಯ ತೂಕವನ್ನೂ ಎಣಿಸಿ. ಮೊದಲ ದಿನ ಜನರ ಬದಲು ಮರಳು ಚೀಲ ಹೇರಿ ದಡದ ಬಳಿಯೇ ನೋಡಿ. ತಲೆಗೊಂದರಂತೆ ಲೈಫ್ ಜಾಕೆಟ್ ಇಲ್ಲದೆ ಯಾರನ್ನೂ ಹತ್ತಿಸಬೇಡಿ, ಈಜು ಬಲ್ಲವರನ್ನೂ. ಕೋಡಿ ಬಿದ್ದ ಕೆರೆಯಲ್ಲಿ ಕೋಡಿಯ ಕಡೆಗೆ, ನೀರು ಬಿಟ್ಟಾಗ ತೂಬಿನ ಕಡೆಗೆ ಹೋಗಬೇಡಿ. ಹೆಚ್ಚಾದ ನೀರನ್ನು ಹೊರಹಾಕುವ ಮಾರ್ಕೋನಹಳ್ಳಿಯ ಸೈಫನ್‌ಗಳಂತೂ ನೀರು ಮಟ್ಟ ಮುಟ್ಟಿದೊಡನೆ ತಾವಾಗಿಯೇ ಎಳೆಯತೊಡಗುತ್ತವೆ, ಗೇಟು ಎತ್ತುವವರು ಕೂಗಿ ಎಚ್ಚರಿಸುವಂತಿಲ್ಲ.

ಮೀನುಗಾರರ ಸಹಕಾರ ಸಂಘದಲ್ಲಿ ವಿಚಾರಿಸಿ, ಮತ್ಸ್ಯ ಸಂಪದ ಯೋಜನೆಯ ಸಾಮೂಹಿಕ ಅಪಘಾತ ವಿಮೆಗೆ ಎಲ್ಲರ ಹೆಸರನ್ನೂ ಸೇರಿಸಿ. ಜೀವ ಹೋದರೆ ಮನೆಯವರಿಗೆ 5 ಲಕ್ಷ ರೂಪಾಯಿ ಸಿಗುವ ವಿಮೆ ಅದು.

ಮರಳು ಚೀಲದ ಪರೀಕ್ಷೆ ಮುಗಿದ ಮೇಲೆ ದೋಣಿಯನ್ನು ಖಾಲಿ ಮಾಡಿ, ಒಳಗನ್ನು ಬಟ್ಟೆಯಿಂದ ಒರೆಸಿ, ಮಳೆಯಿಲ್ಲದ ಒಂದು ರಾತ್ರಿ ನೀರಿನಲ್ಲಿ ಕಟ್ಟಿಡಿ. ಬೆಳಿಗ್ಗೆ ಅಂಗೈಯಿಂದ ಒಳಗಿನ ಅಡಿಯನ್ನು ಸವರಿ ನೋಡಿ. ಒಣಗಿದ್ದರೆ ಬಲೆ ತನ್ನಿ.