“ಸರ್, ಸ್ಪೀಡ್” ಅಂದು ಸುಮ್ನಾದೆ

ಆಗ ನಾನು ವಿಮಾನದ ಫಸ್ಟ್ ಆಫೀಸರ್, ಅಂದ್ರೆ ಕೋ-ಪೈಲಟ್, ಎಡಗಡೆ ಸೀಟಲ್ಲಿ ನಂಗೆ ಕೆಲ್ಸ ಕಲಿಸಿದ ಕ್ಯಾಪ್ಟನ್ನೇ ಕೂತಿದ್ರು. ಸಾವಿರ ಅಡಿಗೆ ಬಂದಾಗ ಸ್ಪೀಡು ಇರಬೇಕಾದ್ದಕ್ಕಿಂತ 25 ನಾಟ್ ಜಾಸ್ತಿ, ಇಳಿಯೋ ರೇಟು ನಿಮಿಷಕ್ಕೆ 1000 ಅಡಿ ದಾಟಿತ್ತು, ರೂಲ್ ಪ್ರಕಾರ ಅಲ್ಲಿಂದ್ಲೇ ಗೋ ಅರೌಂಡ್ ಮಾಡ್ಬೇಕಿತ್ತು, ಅಂದ್ರೆ ಇಳಿಯೋದು ಬಿಟ್ಟು ಮತ್ತೆ ಮೇಲಕ್ಕೆ ಏರಿಸ್ಬೇಕಿತ್ತು. “ಸರ್, ಸ್ಪೀಡ್” ಅಂದೆ. “ಹೂಂ, ಕಮ್ಮಿಯಾಗ್ತಿದೆ” ಅಂದ್ರು. ನಾನು ಸುಮ್ನಾದೆ. ಅರ್ಧ ರನ್‌ವೇ ಹಿಂದೆ ಹೋದ್ಮೇಲೆ ಚಕ್ರ ನೆಲಕ್ಕೆ ತಾಗ್ತು, ಬ್ರೇಕು, ರಿವರ್ಸು ಎಲ್ಲಾ ಹಾಕಿದ್ರೂ ಮುಂದಿನ ಚಕ್ರ ಹುಲ್ಲಿಗಿಳಿದೇ ನಿಂತಿದ್ದು. ಪುಣ್ಯ, ಯಾರಿಗೂ ಏಟಾಗ್ಲಿಲ್ಲ.

ಆಫೀಸಲ್ಲಿ ಮೊದಲ ಪ್ರಶ್ನೆನೇ “ಕಂಟ್ರೋಲ್ ಯಾರ ಕೈಲಿತ್ತು?”. ಕ್ಯಾಪ್ಟನ್ ಹೆಸ್ರು ಸಿಕ್ತು, ಎಲ್ರಿಗೂ ನಿರಾಳ. ತನಿಖೆ ಇರೋದು ಮುಂದೆ ಹಂಗಾಗ್ದೇ ಇರ್ಲಿ ಅಂತ, ತಪ್ಪು ಯಾರ ತಲೆಗೆ ಕಟ್ಟೋದು ಅಂತಲ್ಲ ಅಂತ ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ ಐಸಿಎಒದ ಅನೆಕ್ಸ್ 13ರಲ್ಲೇ ಇದೆ, ಪರೀಕ್ಷೆಗೆ ಎಲ್ರೂ ಓದಿರ್ತೀವಿ.

ನಂಗೆ ನಿದ್ದೆ ಕೆಡಿಸಿದ್ದು ಬೇರೆ. 2007ರಲ್ಲಿ ಇಂಡೋನೇಷ್ಯಾದ ಯೋಗ್ಯಕರ್ತಾದಲ್ಲಿ ವಿಪರೀತ ಸ್ಪೀಡಲ್ಲಿ ಇಳಿದ ವಿಮಾನದಲ್ಲಿ 21 ಜನ ಹೋದ್ರು, 2010ರ ಮೇ 22ಕ್ಕೆ ಮಂಗಳೂರಲ್ಲಿ 158 ಜನ, ಎರಡರಲ್ಲೂ ಫಸ್ಟ್ ಆಫೀಸರ್ ಗೋ ಅರೌಂಡ್ ಅಂತ ಬಾಯಿಬಿಟ್ಟು ಹೇಳಿದ್ರು. ನಾನು ಅಷ್ಟೂ ಹೇಳಿರ್ಲಿಲ್ಲ. ಯೋಗ್ಯಕರ್ತಾದ ಕ್ಯಾಪ್ಟನ್‌ಗೆ ಕೋರ್ಟು 2 ವರ್ಷ ಜೈಲು ಅಂತು, ಅಪೀಲಲ್ಲಿ ಅದು ರದ್ದಾಯ್ತು. ಹೊಣೆ ಕ್ಯಾಪ್ಟನ್ನದೇ, ಒಪ್ತೀನಿ, ಆದ್ರೆ ಜೈಲಿನ ಭಯ ಇದ್ರೆ ತನ್ನ ತಪ್ಪನ್ನ ಯಾವನು ಬರ್ಕೊಡ್ತಾನೆ?

ನಾನು ಬರ್ಕೊಟ್ಟೆ. ನಾನು ಬಾಯಿಮುಚ್ಕೊಂಡಿದ್ದು, ಜೊತೆಗೆ ಅದ್ಯಾಕೆ ಅಂತಾನೂ: ನಮ್ಮಲ್ಲಿ ಗೋ ಅರೌಂಡ್ ಮಾಡಿದ್ರೆ ಸುಮ್ನೆ ಇಂಧನ ಸುಟ್ಟೋರ ಥರ ವಿವರಣೆ ಕೇಳ್ತಿದ್ರು, ಹೆಂಗೋ ಎಳ್ಕೊಂಡು ಹೋಗಿ ಇಳಿಸಿದ್ರೆ ಒಬ್ರೂ ಏನೂ ಕೇಳ್ತಿರ್ಲಿಲ್ಲ. ಎರಡು ತಿಂಗಳು ಉತ್ತರನೇ ಇಲ್ಲ. ಆಮೇಲೆ ಆ ವಿವರಣೆ ಪತ್ರ ನಿಲ್ಸಿದ್ರು, ಅನ್‌ಸ್ಟೇಬಲ್ ಆಗಿ, ಅಂದ್ರೆ ಸ್ಪೀಡು, ಇಳಿಯೋ ರೇಟು ಮಿತಿಲಿ ಇಲ್ದೇನೇ ಇಳಿದವರ ಡೇಟಾ ತೆಗೆದು ಕೂರಿಸಿ ಮಾತಾಡೋಕೆ ಶುರು ಮಾಡಿದ್ರು. ನನ್ನ ಪತ್ರದಿಂದ್ಲೇ ಅಂತ ಹೇಳಲ್ಲ.

ಈಗ ನಾನೂ ಎಡಗಡೆ ಸೀಟು. ಪ್ರತಿ ಬ್ರೀಫಿಂಗಲ್ಲೂ “ನೀನು ಗೋ ಅರೌಂಡ್ ಅಂದ್ರೆ ನಾನು ಏರಿಸ್ತೀನಿ, ಜಗಳ ಮೇಲೆ ಹೋಗಿ ಆಡೋಣ” ಅಂತೀನಿ. ಕಳೆದ ವರ್ಷ ಹೊಸ ಹುಡುಗಿ ಒಬ್ಳು 500 ಅಡಿಲಿ ಅಂದೇಬಿಟ್ಲು. ನನ್ನ ಲೆಕ್ಕಕ್ಕೆ ಎಲ್ಲಾ ಸರಿ ಇತ್ತು, ಮೈ ಉರೀತು ಕೂಡ. ಥ್ರಸ್ಟ್ ಕೊಟ್ಟು ಏರಿಸಿದೆ. ಮೇಲೆ ಹೋದ್ಮೇಲೆ ಸ್ವಲ್ಪ ಹೊತ್ತು ಇಬ್ರೂ ಮಾತಾಡ್ಲಿಲ್ಲ, ಆಮೇಲೆ ಅವ್ಳೇ “ಸಾರಿ ಸರ್” ಅಂದ್ಲು. ಸಾರಿ ಬೇಡ, ಚೆಕ್‌ಲಿಸ್ಟ್ ಓದಮ್ಮ ಅಂದೆ.